ಮುಚ್ಚಿದರೆ ಮುಗಿಯಿತು ಮಾತು: ಮಡಚುವ ಫೋನಿನ ಉಪಯೋಗಗಳು

ಇಂದಿನ ದಿನಗಳಲ್ಲಿ ಮೊಬೈಲ್ ಫೋನಿಲ್ಲದ ಮನೆ ಯಾವುದಿದೆ ಹೇಳಿ? ಯಜಮಾನರಿಗೊಂದು, ಕಾಲೇಜಿಗೆ ಹೋಗುವ ಮಗನಿಗೊಂದು, ಮಗಳಿಗೊಂದು, ನಮಗೊಂದು. ಸಾಲದ್ದಕ್ಕೆ ಕಪಾಟಿನ ಮೂಲೆಯಲ್ಲಿ ಗಾಜು ಒಡೆದ ಹಳೆಯದೊಂದು. ಎಣಿಸುತ್ತ ಹೋದರೆ ಮನೆಯ ಜನಕ್ಕಿಂತ ಫೋನುಗಳೇ ಹೆಚ್ಚು! ಆದರೆ ಸೋದರಿಯರೇ, ಇಷ್ಟು ಫೋನುಗಳಲ್ಲಿ ಮನೆಯ ಹಿರಿಯ ಜೀವಕ್ಕೆ ತಾನೇ ಎತ್ತಿ, ತಾನೇ ಮಾತಾಡಿ, ತಾನೇ ಇಡಲು ಬರುವಂಥದ್ದು ಎಷ್ಟಿವೆ? ಸ್ವಲ್ಪ ಯೋಚಿಸಿ ನೋಡಿ.

ಅತ್ತೆಯವರಿಗೆ ಕೊಟ್ಟ ಮನೆಯಲ್ಲಿರುವ ಮಗಳೊಡನೆ ಎರಡು ಮಾತಾಡುವ ಆಸೆ. ಅದಕ್ಕಾಗಿ ಮೊಮ್ಮಗ ಶಾಲೆಯಿಂದ ಬರುವ ತನಕ ಕಾಯಬೇಕು. “ತಮ್ಮಾ, ನಿಮ್ಮತ್ತಿಗಿ ಒಂದ್ ಫೋನ್ ಹಚ್ಚಿ ಕೊಡೋ” ಎಂದರೆ, “ತಡಿ ಆಯಿ, ಆಟ ಮುಗೀಲಿ” ಎಂಬ ಉತ್ತರ. ಆಟ ಮುಗಿಯುವ ಹೊತ್ತಿಗೆ ಆಯಿಗೆ ಏನು ಹೇಳಬೇಕಿತ್ತೋ ಅದೇ ಮರೆತು ಹೋಗಿರುತ್ತದೆ. ಇದು ನಿಮ್ಮ ಮನೆಯಲ್ಲೂ ನಡೆಯುವ ಮಾತೇ ಅಲ್ಲವೆ?

ಈ ತೊಂದರೆಗೆ ಪೇಟೆಯಲ್ಲಿ ಒಂದು ಸುಲಭದ ಪರಿಹಾರವಿದೆ. ಅದೇ ಮಡಚುವ ಫೋನು. ಅಂಗಡಿಯವರ ಭಾಷೆಯಲ್ಲಿ ಹೇಳುವುದಾದರೆ ‘ಫ್ಲಿಪ್ ಫೋನು’. “ಅಯ್ಯ, ಅದು ಹಳೇ ಕಾಲದ್ದು” ಎಂದು ಮೂಗು ಮುರಿಯಬೇಡಿ. ಹಳೆಯದೆಂದು ಒರಳು ಕಲ್ಲನ್ನೂ ಹಿತ್ತಿಲಿಗೆ ಹಾಕಿದ್ದೆವು. ಆದರೂ ಶೇಂಗಾ ಹಿಂಡಿಯ ನಿಜವಾದ ರುಚಿ ಬೇಕೆಂದಾಗ ಅದನ್ನೇ ಹುಡುಕಿಕೊಂಡು ಹೋಗುತ್ತೇವಷ್ಟೆ!

ಪಾನದಾನದಂಥ ಫೋನು

ನಮ್ಮ ಬೀದರ ಜಿಲ್ಲೆಯವರಿಗೆ ಮುಚ್ಚಳದ ಡಬ್ಬಿಯ ಬೆಲೆ ಗೊತ್ತು. ಬಿದರಿ ಕೆಲಸದ ಪಾನದಾನಗಳನ್ನು ನೀವು ನೋಡಿರಬಹುದು. ಮುಚ್ಚಳ ತೆರೆದರೆ ಎಲೆ, ಅಡಿಕೆ, ಸುಣ್ಣ ಎಲ್ಲ ಕೈಗೆ ಸಿಗುತ್ತದೆ. ಮುಚ್ಚಿದರೆ ಒಳಗಿನದು ಭದ್ರ. ಮಡಚುವ ಫೋನಿನ ರೀತಿಯೂ ಇದೇ. ಕೆಳಗಿನ ಅರ್ಧದಲ್ಲಿ ಅಂಕಿಗಳ ಗುಂಡಿಗಳು, ಮೇಲಿನ ಅರ್ಧದಲ್ಲಿ ಚಿಕ್ಕ ಪರದೆ, ನಡುವೆ ಒಂದು ತಿರುಗಣಿ. ಬಳಸದಾಗ ಎರಡೂ ಭಾಗಗಳು ಒಂದರ ಮೇಲೊಂದು ಮಡಚಿಕೊಂಡು ಅಂಗೈಯಗಲದ ಡಬ್ಬಿಯಾಗಿ ಬಿಡುತ್ತವೆ.

ಮುಚ್ಚಿದ್ದೇವೋ ತೆರೆದಿದ್ದೇವೋ ಎಂಬುದು ಫೋನಿಗೆ ಹೇಗೆ ತಿಳಿಯುತ್ತದೆ? ಹೆಚ್ಚಿನ ಫೋನುಗಳಲ್ಲಿ ಒಂದು ಅರ್ಧದೊಳಗೆ ಪುಟ್ಟ ಅಯಸ್ಕಾಂತ, ಇನ್ನೊಂದು ಅರ್ಧದಲ್ಲಿ ಅದನ್ನು ಗುರುತಿಸುವ ಸಣ್ಣ ಸಾಧನ ಇರುತ್ತವೆ. ಎರಡೂ ಹತ್ತಿರ ಬಂದರೆ ಮುಚ್ಚಿದೆ ಎಂದೂ ದೂರವಾದರೆ ತೆರೆದಿದೆ ಎಂದೂ ಫೋನು ತಿಳಿದುಕೊಳ್ಳುತ್ತದೆ. ಪರದೆಗೂ ಗುಂಡಿಗಳ ಭಾಗಕ್ಕೂ ಸಂಬಂಧ ಕಲ್ಪಿಸಲು ತಿರುಗಣಿಯ ಒಳಗಿಂದ ತೆಳ್ಳನೆಯ, ಬಾಗುವ ಪಟ್ಟಿಯಂಥ ತಂತಿ ಹಾದು ಹೋಗಿರುತ್ತದೆ. ಇಷ್ಟೇ ಇದರ ಗುಟ್ಟು.

ಇದು ಬಂದದ್ದು ಹೇಗೆ?

ಕೈಯಲ್ಲಿ ಹಿಡಿಯುವ ಫೋನಿನಿಂದ ಮೊದಲ ಕರೆ ಮಾಡಿದವರು ಮೊಟೊರೊಲಾ ಕಂಪನಿಯ ಮಾರ್ಟಿನ್ ಕೂಪರ್. ಅದು 1973ರ ಏಪ್ರಿಲ್ 3, ನ್ಯೂಯಾರ್ಕ್ ನಗರದಲ್ಲಿ. ಹತ್ತು ವರ್ಷಗಳ ನಂತರ ಮಾರಾಟಕ್ಕೆ ಸಿದ್ಧವಾದ ಅದೇ ಕಂಪನಿಯ ಫೋನು ಮುಕ್ಕಾಲು ಕಿಲೋಗಿಂತ ಹೆಚ್ಚು ತೂಗುತ್ತಿತ್ತು. ಅಂಥದ್ದನ್ನು ಕಿವಿಗೆ ಹಿಡಿದು ತವರಿನ ಸುದ್ದಿಯೆಲ್ಲ ಮಾತಾಡುವುದಾದರೆ ಕೈ ಸೋತು ಹೋಗುತ್ತಿತ್ತೇನೋ! 1989ರಲ್ಲಿ ಗುಂಡಿಗಳ ಮೇಲೆ ಚಿಕ್ಕ ಮುಚ್ಚಳವಿದ್ದ ಫೋನು ಬಂತು. 1996ರಲ್ಲಿ ಬಂದ ‘ಸ್ಟಾರ್‌ಟ್ಯಾಕ್’ ಎಂಬ ಫೋನು ಚಿಪ್ಪಿನಂತೆ ನಡುವಿಗೇ ಮಡಚಿಕೊಳ್ಳುತ್ತಿತ್ತು. ಅದರ ತೂಕ ನೂರು ಗ್ರಾಮಿಗಿಂತಲೂ ಕಡಿಮೆ.

ನಮ್ಮ ದೇಶದಲ್ಲಿ ಮೊಬೈಲಿನ ಮೊದಲ ಕರೆ ಹೋದದ್ದು 1995ರ ಜುಲೈ 31ರಂದು. ಅಂದಿನ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದಿಲ್ಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರೊಡನೆ ಮಾತಾಡಿದರು. ಆಗ ನಮ್ಮ ಕಡೆ ಎಸ್.ಟಿ.ಡಿ. ಬೂತಿನ ಮುಂದೆ ಸಾಲು ನಿಲ್ಲುವ ಕಾಲ. ಕೆಂಪು ಅಂಕಿಗಳು ಓಡುತ್ತಿದ್ದರೆ ಎದೆ ಹೊಡೆದುಕೊಳ್ಳುತ್ತಿತ್ತು! ಮೊಬೈಲು ಬಂದ ಮೇಲೂ ಬರುವ ಕರೆಗೆ ದುಡ್ಡು ಕೊಡಬೇಕಾಗಿತ್ತು. 2003ರಲ್ಲಿ ಒಳಬರುವ ಕರೆ ಪುಕ್ಕಟೆಯಾಯಿತು. ಅಲ್ಲಿಂದಲೇ ಮೊಬೈಲು ನಮ್ಮಂಥವರ ಅಡುಗೆಮನೆಯ ಕಟ್ಟೆಗೆ ಬಂದದ್ದು ಎಂದರೆ ತಪ್ಪಾಗಲಾರದು.

2004ರಲ್ಲಿ ಬಂದ ‘ರೇಜರ್’ ಎಂಬ ತೆಳ್ಳನೆಯ ಮಡಚುವ ಫೋನು ಪ್ರಪಂಚದಲ್ಲೆಲ್ಲ ಕೋಟಿಗಟ್ಟಲೆ ಮಾರಾಟವಾಯಿತು. ಆಮೇಲೆ ಗಾಜಿನ ಪರದೆಯ ಫೋನುಗಳು ಬಂದು ಎಲ್ಲವನ್ನೂ ಹಿಂದೆ ಹಾಕಿದವು. ಆದರೂ ಮಡಚುವ ಫೋನು ಸಾಯಲಿಲ್ಲ. ಜಪಾನ್ ದೇಶದಲ್ಲಿ ಹಿರಿಯರಿಗೆಂದೇ ‘ರಾಕು ರಾಕು’ ಎಂಬ ಹೆಸರಿನ ಫೋನುಗಳನ್ನು ತಂದರು. ಆ ಮಾತಿಗೆ ‘ಬಲು ಸಲೀಸು’ ಎಂದರ್ಥ. ಅವುಗಳಲ್ಲಿ ದಪ್ಪ ಗುಂಡಿ, ದಪ್ಪ ಅಕ್ಷರದ ಮಡಚುವ ಫೋನುಗಳೇ ಬಹಳ ಹೆಸರು ಮಾಡಿದವು.

ಇತ್ತೀಚಿನ ವರ್ಷಗಳಲ್ಲಿ ಪರದೆಯೇ ಮಡಚಿಕೊಳ್ಳುವ ದುಬಾರಿ ಫೋನುಗಳೂ ಬಂದಿವೆ. ಸ್ಯಾಮ್‌ಸಂಗಿನ ಅಂಥ ಮೊದಲ ಫೋನಿಗೆ ಆಗ ನಮ್ಮ ದೇಶದಲ್ಲಿ ಲಕ್ಷಕ್ಕೂ ಮಿಕ್ಕಿದ ಬೆಲೆ. ಅದು ಶ್ರೀಮಂತರ ಮಾತು, ಬಿಡಿ. ನಾನು ಹೇಳುತ್ತಿರುವುದು ಗುಂಡಿಗಳಿರುವ ಸಾದಾ ಮಡಚುವ ಫೋನಿನ ವಿಚಾರ.

ಕೈಗೆ ಸಲೀಸು

ದಿನವೂ ರೊಟ್ಟಿ ಬಡಿಯುವ ನಮ್ಮ ಕೈಗಳನ್ನೊಮ್ಮೆ ನೋಡಿಕೊಳ್ಳಿ. ಬೆರಳ ತುದಿ ಒರಟಾಗಿರುತ್ತದೆ. ಹೊಲದಲ್ಲಿ ತೊಗರಿ ಕೊಯ್ದವರ, ಕಳೆ ತೆಗೆದವರ ಕೈಯಂತೂ ಇನ್ನೂ ಗಟ್ಟಿ. ಗಾಜಿನ ಪರದೆಯ ಫೋನು ಬೆರಳಿನ ಒತ್ತಡವನ್ನು ನೋಡುವುದಿಲ್ಲ. ಪರದೆಯ ಮೇಲೆ ಹರಡಿರುವ ಸೂಕ್ಷ್ಮ ವಿದ್ಯುತ್ತಿನಲ್ಲಿ ಬೆರಳು ತಾಗಿದಾಗ ಆಗುವ ಬದಲಾವಣೆಯನ್ನು ನೋಡುತ್ತದೆ. ಚರ್ಮ ಒಣಗಿ ಗಟ್ಟಿಯಾಗಿದ್ದರೆ ಆ ಬದಲಾವಣೆ ಸರಿಯಾಗಿ ತಿಳಿಯುವುದಿಲ್ಲ. ಕೈ ಒದ್ದೆಯಾಗಿದ್ದರೆ ಅದಕ್ಕೆ ಗೊಂದಲ. ಹೀಗಾಗಿ ವಯಸ್ಸಾದವರು ಎಷ್ಟು ಒತ್ತಿದರೂ ಫೋನು ಕೇಳುವುದಿಲ್ಲ. “ನನಗ ಬುದ್ಧಿ ಇಲ್ಲ, ನನಗ ಇದು ಬರೂದಿಲ್ಲ” ಎಂದು ಅವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಬುದ್ಧಿಯಲ್ಲಿ ಏನೂ ಕೊರತೆಯಿಲ್ಲ. ಆ ಗಾಜು ಅವರ ಕೈಗೆ ಹೊಂದಿದ್ದಲ್ಲ, ಅಷ್ಟೆ.

ಗುಂಡಿಗೆ ಈ ಹಂಗಿಲ್ಲ. ಒತ್ತಿದರೆ ಒತ್ತಿತು. ಒತ್ತಿದ್ದು ಬೆರಳಿಗೂ ತಿಳಿಯುತ್ತದೆ. ಸಾಮಾನ್ಯವಾಗಿ 5ರ ಗುಂಡಿಯ ಮೇಲೆ ಸಣ್ಣದೊಂದು ಉಬ್ಬು ಇರುತ್ತದೆ. ಕಣ್ಣು ಮಂಜಾದವರು ಆ ಉಬ್ಬನ್ನು ಹಿಡಿದುಕೊಂಡರೆ ಉಳಿದ ಅಂಕಿಗಳು ಎಲ್ಲಿವೆ ಎಂಬುದನ್ನು ತಡವಿಯೇ ಕಂಡುಕೊಳ್ಳಬಹುದು.

ಕರೆ ಬಂದಾಗ ಹಸಿರನ್ನು ಎಳೆಯಬೇಕೋ ಕೆಂಪನ್ನು ಎಳೆಯಬೇಕೋ ಎಂಬ ಗೊಂದಲವೂ ಇಲ್ಲಿಲ್ಲ. ಫೋನಿನಲ್ಲಿ ಒಮ್ಮೆ ಹಾಗೆ ಹೊಂದಿಸಿಟ್ಟರೆ, ತೆರೆದ ಕೂಡಲೇ ಮಾತು ಶುರು. ಮುಚ್ಚಿದರೆ ಮಾತು ಮುಗಿಯಿತು. ಕರೆ ಕಟ್ಟಾಯಿತೋ ಇಲ್ಲವೋ ಎಂದು ಕನ್ನಡಕ ಹುಡುಕಬೇಕಾಗಿಲ್ಲ. ಫೋನಿಟ್ಟೆವೆಂದು ತಿಳಿದು ಬೀಗರ ವಿಷಯ ಆಡಿಕೊಂಡದ್ದನ್ನು ಆಚೆ ಕಡೆಯ ಬೀಗರೇ ಕೇಳಿಸಿಕೊಂಡ ಪ್ರಸಂಗಗಳು ನಮ್ಮಲ್ಲಿ ಕಡಿಮೆಯೇ? ಮುಚ್ಚುವ ಫೋನಿನಲ್ಲಿ ಅಂಥ ಪಜೀತಿಗೆ ಆಸ್ಪದವಿಲ್ಲ!

ಮುಚ್ಚಿದಾಗ ಪರದೆ, ಗುಂಡಿ ಎರಡೂ ಒಳಗೆ ಸೇರುತ್ತವೆ. ಸೊಂಟದ ಸಂಚಿಯಲ್ಲಿ, ಬಸ್ಸಿನ ಗದ್ದಲದಲ್ಲಿ, ಬೀಗದ ಕೈ ಮತ್ತು ಚಿಲ್ಲರೆಯ ಜೊತೆ ಇದ್ದರೂ ಪರದೆಗೆ ಗೀರು ಬೀಳುವುದಿಲ್ಲ. ಗುಂಡಿ ತಾನಾಗಿ ಒತ್ತಿಕೊಂಡು ಯಾರಿಗೋ ಕರೆ ಹೋಗುವುದೂ ಇಲ್ಲ. ತೆರೆದಾಗ ಫೋನು ಉದ್ದವಾಗುವುದರಿಂದ ಒಂದು ತುದಿ ಕಿವಿಯ ಹತ್ತಿರ, ಇನ್ನೊಂದು ತುದಿ ಬಾಯಿಯ ಹತ್ತಿರ ಬರುತ್ತದೆ. ಸ್ವಲ್ಪ ಕಿವಿ ಮಂದವಾದವರಿಗೆ ಇದು ಒಳ್ಳೆಯದು. ಪರದೆ ಚಿಕ್ಕದಾದ್ದರಿಂದ ಒಮ್ಮೆ ಚಾರ್ಜ್ ಮಾಡಿದರೆ ಮಿತವಾಗಿ ಮಾತಾಡುವವರಿಗೆ ಎರಡು ಮೂರು ದಿನ ಬರುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಕರೆಂಟು ಹೋದರೆ ಬರುವ ಹೊತ್ತು ಹೇಳಲಾಗದು. ಆಗ ಇದರ ಬೆಲೆ ತಿಳಿಯುತ್ತದೆ.

ಅವ್ವನ ಕೈಗೆ ಫೋನು ಬಂದಾಗ

ನಾನಿರುವುದು ಬಸವಕಲ್ಯಾಣದಲ್ಲಿ, ತವರು ಹುಮನಾಬಾದ. ಬಸ್ಸಿನಲ್ಲಿ ಒಂದು ಗಂಟೆಯೊಳಗಿನ ದಾರಿಯೇ ಆದರೂ ಮನೆವಾರ್ತೆ ಬಿಟ್ಟು ದಿನವೂ ಹೋಗಲಾದೀತೆ? ಪುಣೆ–ಹೈದರಾಬಾದ್ ಹೆದ್ದಾರಿ ನಮ್ಮ ಎರಡೂ ಊರುಗಳ ಮಗ್ಗುಲಲ್ಲೇ ಇದೆ. ಮಕ್ಕಳು ಕೆಲಸಕ್ಕಾಗಿ ಒಬ್ಬರು ಈ ತುದಿಗೆ, ಒಬ್ಬರು ಆ ತುದಿಗೆ ಹೋಗಿಬಿಡುತ್ತಾರೆ. ಊರಲ್ಲಿ ಮುದುಕರು ಉಳಿಯುತ್ತಾರೆ. ನಮ್ಮ ಅವ್ವನೂ ಹಾಗೆಯೇ. ಅಣ್ಣ–ವೈನಿ ಪುಣೆಯಲ್ಲಿ, ಅವ್ವ ಹುಮನಾಬಾದದ ಮನೆಯಲ್ಲಿ.

ಅಣ್ಣ ಪ್ರೀತಿಯಿಂದಲೇ ತನ್ನ ದೊಡ್ಡ ಪರದೆಯ ಫೋನನ್ನು ಅವ್ವನಿಗೆ ಕೊಟ್ಟಿದ್ದ. ಅವಳು ಅದನ್ನು ಹೊಸ ಸೀರೆಯಂತೆ ಟವೆಲಿನಲ್ಲಿ ಸುತ್ತಿ ಟ್ರಂಕಿನ ಮೇಲೆ ಇಡುತ್ತಿದ್ದಳು. ನಾನು ಕರೆ ಮಾಡಿದರೆ ಅವಳು ಬೆರಳು ಎಳೆಯುವಷ್ಟರಲ್ಲಿ ಕಟ್ಟಾಗುತ್ತಿತ್ತು. ಕೊನೆಗೆ ಪಕ್ಕದ ಮನೆಯ ಹುಡುಗ ಸಂಜೆ ಬಂದು ಫೋನು ಹಚ್ಚಿ, ಸ್ಪೀಕರ್ ಹಾಕಿ, ಕೈಯಲ್ಲಿ ಹಿಡಿದುಕೊಂಡು ನಿಲ್ಲುತ್ತಿದ್ದ. ಒಳ್ಳೆಯ ಹುಡುಗನೇ. ಆದರೆ ಪರರ ಹುಡುಗ ಎದುರಿಗೆ ನಿಂತಿರುವಾಗ ತಾಯಿ ಮಗಳೊಡನೆ ಏನು ಮಾತಾಡಿಯಾಳು? “ಆರಾಮ ಇದ್ದೀನಿ. ನೀವೆಲ್ಲಾ ಆರಾಮ ಇದ್ದೀರಿಲ್ಲಾ? ಊಟ ಆಯ್ತಾ? ಆಯ್ತು, ಇಡ್ತೀನಿ.” ಇಷ್ಟೇ ಮಾತು. ತಿಂಗಳುಗಟ್ಟಲೆ ಇಷ್ಟೇ.

ಎರಡು ವರ್ಷದ ಹಿಂದೆ ಎಳ್ಳ ಅಮಾವಾಸ್ಯೆಗೆ ಹೋದಾಗ ನಾನು ಒಂದು ಮಡಚುವ ಫೋನು ಒಯ್ದೆ. 2ರ ಗುಂಡಿಯನ್ನು ಒತ್ತಿ ಹಿಡಿದರೆ ನನಗೆ, 3 ಹಿಡಿದರೆ ಅಣ್ಣನಿಗೆ, 4 ಹಿಡಿದರೆ ಪಕ್ಕದ ಮನೆಯ ಅಕ್ಕನಿಗೆ ಕರೆ ಹೋಗುವಂತೆ ಮಾಡಿದೆ. ಭಜ್ಜಿ–ರೊಟ್ಟಿ ಊಟವಾದ ಮೇಲೆ ಕೂತು ತೆರೆಯುವುದು, ಮುಚ್ಚುವುದು ಹೇಳಿಕೊಟ್ಟೆ. ಅವ್ವ ನಾಲ್ಕು ಸಲ ತೆರೆದು ಮುಚ್ಚಿ, “ಇದು ಕುಂಕುಮದ ಡಬ್ಬಿ ಇದ್ದಂಗ ಅದ” ಎಂದು ನಕ್ಕಳು.

ಹದಿನೈದು ದಿನ ಕಳೆದಿರಬೇಕು. ರಾತ್ರಿ ಒಂಬತ್ತರ ಮೇಲೆ ನನ್ನ ಫೋನು ಹೊಡೆದುಕೊಂಡಿತು. ನೋಡಿದರೆ ಅವ್ವ. ಅಷ್ಟು ಹೊತ್ತಿನಲ್ಲಿ ಅವಳಾಗಿ ಎಂದೂ ಮಾಡಿದವಳಲ್ಲ. ದನಿ ತಗ್ಗಿಸಿ, “ಮೂರು ದಿನ ಆಯ್ತು, ಎದ್ದು ನಿಂತ್ರ ತಲಿ ತಿರಗ್ತದ. ಆ ಹುಡುಗನ ಮುಂದ ಹ್ಯಾಂಗ ಹೇಳ್ಲಿ, ಊರಿಗೆಲ್ಲಾ ಸುದ್ದಿ ಆಗ್ತದ. ಅದಕ್ಕ ಸುಮ್ಮ ಇದ್ದೆ” ಎಂದಳು. ಮರುದಿನ ಬೆಳಗಿನ ಬಸ್ಸಿಗೇ ಹೋಗಿ ಡಾಕ್ಟರರಿಗೆ ತೋರಿಸಿದೆ. ಬಿ.ಪಿ. ಬಹಳ ಏರಿತ್ತು. “ಬೇಗ ತಂದದ್ದು ಒಳ್ಳೆಯದಾಯಿತು” ಎಂದರು. ಈಗ ದಿನಕ್ಕೊಂದು ಗುಳಿಗೆ ತೆಗೆದುಕೊಂಡು ಚೆನ್ನಾಗಿದ್ದಾಳೆ.

ಇದನ್ನು ಯಾಕೆ ಹೇಳಿದೆನೆಂದರೆ, ಫೋನೆಂದರೆ ಬರೀ ಯಂತ್ರವಲ್ಲ. ಇನ್ನೊಬ್ಬರ ಕೈಯಲ್ಲಿರುವ ಫೋನಿನಲ್ಲಿ ಕ್ಷೇಮ ಸಮಾಚಾರ ಹೇಳಬಹುದು, ಮನಸ್ಸಿನ ಮಾತು ಹೇಳಲಾಗದು. ಸೊಸೆಗೆ ಅತ್ತೆಯ ಮೇಲೆ, ಅತ್ತೆಗೆ ಸೊಸೆಯ ಮೇಲೆ ಏನಾದರೂ ಬೇಸರವಿದ್ದರೂ, ಮೈಯಲ್ಲಿ ಹೆಣ್ಣುಮಕ್ಕಳ ತೊಂದರೆ ಏನಾದರೂ ಇದ್ದರೂ, ಕೈಯಲ್ಲಿ ದುಡ್ಡಿಲ್ಲವೆಂದು ಹೇಳುವುದಿದ್ದರೂ ತನ್ನದೇ ಫೋನು ಬೇಕು. ಹನ್ನೆರಡನೆಯ ಶತಮಾನದಲ್ಲಿ ಶರಣೆಯರು ತಮ್ಮ ಮಾತನ್ನು ತಾವೇ ಆಡಿದ ನೆಲ ನಮ್ಮ ಕಲ್ಯಾಣ. ಇಲ್ಲಿನ ಹೆಣ್ಣುಮಕ್ಕಳು ಇಂದು ಒಂದು ಕರೆಗಾಗಿ ಮೊಮ್ಮಗನ ಬಿಡುವು ಕಾಯಬೇಕೆ?

ದುಡ್ಡಿನ ವ್ಯವಹಾರ ನಡೆಯುತ್ತದೆಯೆ?

“ಗೃಹಲಕ್ಷ್ಮಿ ದುಡ್ಡು ಬಂದದ್ದು ಹೇಗೆ ತಿಳಿಯಬೇಕು?” ಎಂದು ನೀವು ಕೇಳಬಹುದು. 2023ರ ಆಗಸ್ಟ್ 30ರಂದು ಶುರುವಾದ ಈ ಯೋಜನೆಯ 2,000 ರೂಪಾಯಿ ಬ್ಯಾಂಕ್ ಖಾತೆಗೆ ಜಮಾ ಆದಾಗ ಬ್ಯಾಂಕಿನಿಂದ ಬರುವುದು ಸಾದಾ ಸಂದೇಶ, ಅಂದರೆ ಎಸ್ಸೆಮ್ಮೆಸ್. ಅದಕ್ಕೆ ಇಂಟರ್‌ನೆಟ್ ಬೇಡ. ಯಾವ ಸಾದಾ ಫೋನಿಗಾದರೂ ಬರುತ್ತದೆ. ಪಿಂಚಣಿ ಬಂದದ್ದು, ಗ್ಯಾಸ್ ಸಿಲಿಂಡರ್ ಬುಕ್ ಆದದ್ದು, ಆಧಾರದ ಓಟಿಪಿ ಇವೆಲ್ಲವೂ ಹಾಗೆಯೇ. ಬ್ಯಾಂಕಿಗೆ ಕೊಟ್ಟ ನಂಬರೂ ಹಿರಿಯರ ಕೈಯಲ್ಲಿರುವ ನಂಬರೂ ಒಂದೇ ಆಗಿರಬೇಕು, ಅದನ್ನು ಮಾತ್ರ ನೋಡಿಕೊಳ್ಳಿ.

ದುಡ್ಡು ಕಳಿಸುವುದಕ್ಕೂ ದಾರಿಯಿದೆ. ಸಾದಾ ಫೋನಿನವರಿಗಾಗಿಯೇ ರಿಸರ್ವ್ ಬ್ಯಾಂಕು 2022ರ ಮಾರ್ಚ್ 8ರಂದು ‘ಯುಪಿಐ 123ಪೇ’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಗೊತ್ತುಪಡಿಸಿದ ನಂಬರಿಗೆ ಕರೆ ಮಾಡಿ, ಕೇಳಿಸುವ ಸೂಚನೆಯಂತೆ ಅಂಕಿಗಳನ್ನು ಒತ್ತಿ ಹಣ ಕಳಿಸಬಹುದು. ನಿಮ್ಮ ಬ್ಯಾಂಕಿಗೆ ಹೋಗಿ ವಿಚಾರಿಸಿ, ಮೊದಲ ಸಲ ಅಲ್ಲಿಯೇ ಕೇಳಿ ಕಲಿತುಕೊಳ್ಳುವುದು ಒಳ್ಳೆಯದು.

ರೀಚಾರ್ಜಿನ ವಿಷಯದಲ್ಲೂ ಉಳಿತಾಯವಿದೆ. ಮಾತಾಡುವುದೊಂದೇ ಬೇಕಾದವರೂ ಇಂಟರ್‌ನೆಟ್ ಸೇರಿದ ಪ್ಯಾಕಿಗೆ ದುಡ್ಡು ತೆರುತ್ತಿದ್ದರು. 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಮಾತು ಮತ್ತು ಸಂದೇಶ ಮಾತ್ರ ಇರುವ ಪ್ಯಾಕನ್ನೂ ಕೊಡಬೇಕೆಂದು ಕಂಪನಿಗಳಿಗೆ ಕಟ್ಟಪ್ಪಣೆ ಮಾಡಿತು. ಮರುತಿಂಗಳೇ ಅಂಥ ಪ್ಯಾಕುಗಳು ಬಂದವು. ರೀಚಾರ್ಜ್ ಅಂಗಡಿಯಲ್ಲಿ, “ನೆಟ್ ಬ್ಯಾಡ್ರಿ, ಮಾತಾಡೂದಷ್ಟೇ ಇರೂ ಪ್ಯಾಕ್ ಹಾಕ್ರಿ” ಎಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಅವರಾಗಿ ಹೇಳುವವರು ಕಡಿಮೆ.

ಮೋಸದಿಂದ ಎಷ್ಟು ರಕ್ಷಣೆ?

ಇತ್ತೀಚೆಗೆ ಪೊಲೀಸ್ ವೇಷದಲ್ಲಿ ವಿಡಿಯೊ ಕರೆ ಮಾಡಿ, “ನಿಮ್ಮನ್ನು ಬಂಧಿಸಿದ್ದೇವೆ, ಮನೆಬಿಟ್ಟು ಕದಲಬೇಡಿ” ಎಂದು ಹೆದರಿಸಿ ದುಡ್ಡು ಕೀಳುವ ಕಳ್ಳರ ಸುದ್ದಿ ಪತ್ರಿಕೆಗಳಲ್ಲಿ ಓದಿರುತ್ತೀರಿ. ವಾಟ್ಸಾಪಿನಲ್ಲಿ ಮದುವೆ ಕಾರ್ಡೆಂದು ಏನೋ ಕಳಿಸಿ, ಅದನ್ನು ಒತ್ತಿದ ಕೂಡಲೇ ಫೋನಿನೊಳಗೆ ಹೊಗುವವರೂ ಇದ್ದಾರೆ. ಸಾದಾ ಮಡಚುವ ಫೋನಿನಲ್ಲಿ ವಿಡಿಯೊ ಕರೆಯಾಗಲೀ ಇಂಥ ಆ್ಯಪುಗಳಾಗಲೀ ಇಲ್ಲದ್ದರಿಂದ ಈ ಬಾಗಿಲುಗಳು ಮುಚ್ಚಿರುತ್ತವೆ. ಹಾಗೆಂದು ಪೂರ್ತಿ ನಿಶ್ಚಿಂತೆ ಬೇಡ. “ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ಓಟಿಪಿ ಹೇಳಿ” ಎಂಬ ಕರೆ ಯಾವ ಫೋನಿಗೂ ಬರಬಹುದು. ಓಟಿಪಿಯನ್ನೂ ಪಿನ್ನನ್ನೂ ಯಾರಿಗೂ ಹೇಳಬಾರದೆಂದು ಹಿರಿಯರಿಗೆ ಮತ್ತೆ ಮತ್ತೆ ಹೇಳಿ. ದುಡ್ಡು ಹೋಯಿತೆಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಅನುಮಾನದ ಕರೆ ಬಂದರೆ ಮಾಡಬೇಕಾದದ್ದು ಒಂದೇ: ಫೋನು ಮುಚ್ಚಿಬಿಡುವುದು!

ಆಪತ್ತಿನ ಕಾಲಕ್ಕೆ ಇನ್ನೊಂದು ಅನುಕೂಲವಿದೆ. 2017ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಸಾದಾ ಫೋನುಗಳಲ್ಲಿ 5 ಅಥವಾ 9ರ ಗುಂಡಿಯನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುವಂತಿರಬೇಕೆಂದು ಸರ್ಕಾರದ ನಿಯಮವಿದೆ. ನಿಮ್ಮ ಫೋನಿನಲ್ಲಿ ಯಾವ ಗುಂಡಿ ಎಂಬುದನ್ನು ಕೊಳ್ಳುವಾಗಲೇ ಕೇಳಿಕೊಳ್ಳಿ. ಪೊಲೀಸ್, ಅಂಬುಲೆನ್ಸ್, ಅಗ್ನಿಶಾಮಕ ಎಲ್ಲಕ್ಕೂ 112 ಒಂದೇ ನಂಬರು. ಹಿರಿಯ ನಾಗರಿಕರ ಸಹಾಯವಾಣಿ 14567. ಈ ಮೂರು ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದರೆ ಒಳ್ಳೆಯದು.

ನಮಗೂ ಬೇಕಾದೀತು

ಮಡಚುವ ಫೋನು ಮುದುಕರಿಗೆ ಮಾತ್ರ ಎನ್ನಬೇಡಿ. ಸಾರಿಗೆ ಒಗ್ಗರಣೆ ಇಟ್ಟು “ಒಂದೇ ಒಂದು ವಿಡಿಯೊ” ಎಂದು ಫೋನು ಹಿಡಿದರೆ ಸಾಸಿವೆ ಸೀದು ವಾಸನೆ ಬರುವ ತನಕ ಎಚ್ಚರವಿರುವುದಿಲ್ಲ. ಮಡಚುವ ಫೋನಿನಲ್ಲಿ ನೋಡುವುದಕ್ಕೇ ಏನೂ ಇಲ್ಲ. ಮಾತು ಮುಗಿದರೆ ಮುಚ್ಚಿಟ್ಟು ಕೆಲಸ ನೋಡಬೇಕು. ಎಸ್ಸೆಸ್ಸೆಲ್ಸಿ, ಪಿ.ಯು.ಸಿ. ಓದುವ ಮಕ್ಕಳಿಗೆ ಬಸ್ಸು ಹತ್ತಿದ ಸುದ್ದಿ, ಟ್ಯೂಷನ್ ಬಿಟ್ಟ ಸುದ್ದಿ ಹೇಳಲು ಒಂದು ಫೋನು ಬೇಕೆನಿಸಿದರೆ ಇದನ್ನೇ ಕೊಡಿ. ಮನೆಯಲ್ಲಿ ಒಂದು ದೊಡ್ಡ ಫೋನು ಎಲ್ಲರಿಗೂ ಸೇರಿ ಇರಲಿ.

ಕೊರತೆಗಳೂ ಇವೆ

ಗುಣ ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಹೆಚ್ಚಿನ ಸಾದಾ ಮಡಚುವ ಫೋನುಗಳಲ್ಲಿ ವಾಟ್ಸಾಪ್ ಇರುವುದಿಲ್ಲ. ಮೊಮ್ಮಗುವಿನ ಮುಖ ನೋಡುತ್ತ ಮಾತಾಡಲು ಆಗುವುದಿಲ್ಲ. ದೂರ ದೇಶದಲ್ಲಿ ಮಕ್ಕಳಿರುವವರಿಗೆ ಇದು ದೊಡ್ಡ ಕೊರತೆಯೇ. ಫೋಟೊ ಅಷ್ಟು ಚೆನ್ನಾಗಿ ಬರುವುದಿಲ್ಲ. ಸಂದೇಶ ಬರೆಯುವುದು ನಿಧಾನ. ತಿರುಗಣಿ ಇದರ ನಾಜೂಕಿನ ಜಾಗ. ಹಿಂದಕ್ಕೆ ಒತ್ತಿ ಬಗ್ಗಿಸಿದರೆ, ಚಿಕ್ಕ ಮಕ್ಕಳು ಆಟಿಕೆಯಂತೆ ತೆರೆದು ಮುಚ್ಚಿದರೆ, ಕೆಳಗೆ ಬಿದ್ದರೆ ಕೆಡಬಹುದು. ರಿಪೇರಿಗೆ ನಮ್ಮಂಥ ಊರುಗಳಲ್ಲಿ ಬಿಡಿ ಭಾಗ ಸಿಗುವುದು ಕಷ್ಟ.

ಕೊಳ್ಳುವಾಗ ನೆನಪಿಡಿ

• ಮೊದಲು ಕೇಳಬೇಕಾದ ಮಾತು: “ಇದು 2ಜಿಯೋ, 4ಜಿಯೋ?” ಜಿಯೋ ಸಿಮ್ಮಿಗೆ 2ಜಿ ಫೋನಿನಲ್ಲಿ ಸಿಗ್ನಲ್ಲೇ ಬರುವುದಿಲ್ಲ. ಸ್ವಲ್ಪ ಹೆಚ್ಚು ಬೆಲೆಯಾದರೂ 4ಜಿ ಫೋನು ಕೊಳ್ಳುವುದು ಮುಂದಿನ ದೃಷ್ಟಿಯಿಂದ ಒಳ್ಳೆಯದು. ನಿಮ್ಮ ಸಿಮ್ಮನ್ನು ಅಂಗಡಿಯಲ್ಲಿಯೇ ಹಾಕಿಸಿ, ಒಂದು ಕರೆ ಮಾಡಿ ನೋಡಿ.

• ಬೆಲೆಯ ಅಂದಾಜಿಗೆ ಹೇಳುವುದಾದರೆ, ನೋಕಿಯಾ 2660 ಫ್ಲಿಪ್ ಎಂಬ 4ಜಿ ಫೋನು 2022ರ ಆಗಸ್ಟಿನಲ್ಲಿ ಬಂದಾಗ 4,699 ರೂಪಾಯಿ ಇತ್ತು. ಅದರಲ್ಲಿ ಆಪತ್ತಿಗೆಂದೇ ಬೇರೆ ಗುಂಡಿಯಿದೆ. ಐಟೆಲ್ ಫ್ಲಿಪ್ ಒನ್ 2024ರ ಅಕ್ಟೋಬರಿನಲ್ಲಿ ಬಂದಾಗ 2,499 ರೂಪಾಯಿ. ಈಗಿನ ದರವನ್ನು ಎರಡು ಮೂರು ಕಡೆ ವಿಚಾರಿಸಿಯೇ ಕೊಳ್ಳಿ.

• ಯಾರು ಬಳಸುವರೋ ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಒಂದೇ ಕೈಯಿಂದ ತೆರೆಯಲು ಬರುತ್ತದೆಯೆ, ಗುಂಡಿಯ ಅಂಕಿ ಕಾಣುತ್ತದೆಯೆ, ದನಿ ಕೇಳಿಸುತ್ತದೆಯೆ ಎಂದು ಅವರೇ ಹೇಳಬೇಕು.

• ಮುಚ್ಚಳದ ಹೊರಗೂ ಸಣ್ಣ ಪರದೆ ಇದ್ದರೆ ಕರೆ ಮಾಡಿದವರು ಯಾರೆಂದು ತೆರೆಯದೆಯೇ ತಿಳಿಯುತ್ತದೆ.

• ಕನ್ನಡದಲ್ಲಿ ಹೆಸರು, ಸಂದೇಶ ಓದಲು ಬರುವುದೇ ಎಂದು ನೋಡಿ. ಹೆಸರುಗಳನ್ನು ಕನ್ನಡದಲ್ಲಿಯೇ ‘ಮಗ’, ‘ಮಗಳು’, ‘ಡಾಕ್ಟರ್’ ಎಂದು ಚುಟುಕಾಗಿ ಹಾಕಿಕೊಡಿ.

• ಕಿವಿಗೆ ಯಂತ್ರ ಹಾಕಿಕೊಳ್ಳುವವರು ಅದಕ್ಕೆ ಹೊಂದುವ ಫೋನು ಯಾವುದೆಂದು ಕೇಳಿ ಕೊಳ್ಳಬೇಕು.

• ಬಿಲ್ಲು, ವಾರಂಟಿ ಕಾರ್ಡು ಬಿಡಬೇಡಿ. *#06# ಒತ್ತಿದರೆ ಪರದೆಯ ಮೇಲೆ ಬರುವ 15 ಅಂಕಿಗಳ ನಂಬರು ಫೋನಿನ ಗುರುತು. ಅದನ್ನು ಡೈರಿಯಲ್ಲಿ ಬರೆದಿಡಿ. ಕಳುವಾದರೆ ದೂರು ಕೊಡಲು ಬೇಕಾಗುತ್ತದೆ.

• ಹಿಟ್ಟಿನ ಕೈ, ಎಣ್ಣೆಯ ಕೈ ತಾಗಿದಾಗ ಒಣ ಅರಿವೆಯಿಂದ ಒರೆಸಿ. ತಿರುಗಣಿಯ ಸಂದಿಗೆ ಎಣ್ಣೆ ಬಿಡುವ ಚಪಲ ಬೇಡ. ಅದು ಬಾಗಿಲ ಕೀಲಲ್ಲ! ಹಳೆಯ ಕುಪ್ಪಸದ ಬಟ್ಟೆಯಿಂದ ದಾರ ಎಳೆಯುವ ಚಿಕ್ಕದೊಂದು ಸಂಚಿ ಹೊಲಿದು ಕೊಟ್ಟರೆ ಕೊರಳಿಗೂ ಹಾಕಿಕೊಳ್ಳಬಹುದು, ಮಾಡಿನ ಗೂಟಕ್ಕೂ ತೂಗುಹಾಕಬಹುದು.

ಕಲಿಸುವ ಬಗೆ

ಹಿರಿಯರಿಗೆ ಕಲಿಸುವಾಗ ಎಲ್ಲವನ್ನೂ ಒಂದೇ ದಿನ ಹೇಳಬೇಡಿ. ಮೊದಲ ದಿನ ತೆರೆಯುವುದು, ಮುಚ್ಚುವುದು ಅಷ್ಟೇ. ನೀವು ಪಕ್ಕದ ಕೋಣೆಯಿಂದ ಹತ್ತು ಸಲ ಕರೆ ಮಾಡಿ, ಅವರು ಹತ್ತು ಸಲ ಎತ್ತಲಿ. ಎರಡನೆಯ ದಿನ ಒಂದೇ ಗುಂಡಿ ಒತ್ತಿ ಹಿಡಿದು ಮಗಳಿಗೆ ಕರೆ ಮಾಡುವುದು. ವಾರ ಕಳೆದ ಮೇಲೆ ಸಂದೇಶ ನೋಡುವುದು. ಮೊಮ್ಮಕ್ಕಳು ಕಲಿಸಲು ಕೂತರೆ, “ಆಯಿ, ಹಂಗಲ್ಲ, ಕೊಡಿಲ್ಲಿ” ಎಂದು ಫೋನು ಕಸಿದುಕೊಂಡು ತಾವೇ ಮಾಡಿಬಿಡುತ್ತಾರೆ. ಅದಕ್ಕೆ ಅವಕಾಶ ಕೊಡಬೇಡಿ. ತಪ್ಪಿದರೂ ಅವರೇ ಒತ್ತಲಿ. ರೊಟ್ಟಿ ಬಡಿಯುವುದನ್ನು ನಮಗೆ ಅವರು ಕಲಿಸಿದ್ದು ಹಾಗೆಯೇ ಅಲ್ಲವೆ? ಮೊದಲು ಹರಿದ ರೊಟ್ಟಿಗಳನ್ನು ಎಷ್ಟು ತಾಳ್ಮೆಯಿಂದ ತಿಂದರು!

ಮುಂದಿನ ಹಬ್ಬಕ್ಕೆ ಅವ್ವನಿಗೋ ಅತ್ತೆಗೋ ಸೀರೆ ತರುವ ವಿಚಾರವಿದ್ದರೆ, ಈ ಸಲ ಸೀರೆಯ ಬೆಲೆಯಲ್ಲಿ ಒಂದಿಷ್ಟು ಉಳಿಸಿ ಒಂದು ಮಡಚುವ ಫೋನು ತಂದುಕೊಡಿ. ಮೂರು ನಂಬರು ತುಂಬಿಸಿ, ಮೂರು ದಿನ ಜೊತೆಗೆ ಕೂತು ಕಲಿಸಿ. ಆಮೇಲೆ ನಿಮ್ಮ ಫೋನನ್ನು ಸ್ವಲ್ಪ ಹತ್ತಿರದಲ್ಲೇ ಇಟ್ಟುಕೊಳ್ಳಿ. ಇಷ್ಟು ದಿನ ಹೇಳದೆ ಉಳಿದ ಮಾತು ಬಹಳವಿರುತ್ತದೆ. ಅವರಾಗಿ ಕರೆ ಮಾಡಿದಾಗ ಒಲೆ ಆರಿಸಿ, ಕೂತು ಕೇಳಿ.